ಒಂದೇ ವಯಸ್ಸು, ಹಲವು ಮುಪ್ಪು



ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುವ ಊರು. ಹೋಬಳಿ ಕೇಂದ್ರ. ಕಾಲಭೈರವೇಶ್ವರನ ಬಸಪ್ಪ ಎಂಬ ದೇವರ ಬಸವನಿಂದ ದೂರದೂರಕ್ಕೆ ಹೆಸರಾದದ್ದು. ಸುತ್ತ ಕಬ್ಬು, ಭತ್ತ, ತೆಂಗು, ಅಲ್ಲಲ್ಲಿ ಹಿಪ್ಪುನೇರಳೆ. ಅಂಥ ಊರಿನ ಒಂದು ಅರಳಿಕಟ್ಟೆಯನ್ನು ಮನಸ್ಸಿಗೆ ತಂದುಕೊಳ್ಳಿ. ಕಟ್ಟೆಯ ಮೇಲೆ ಮೂವರು ಗಂಡಸರು. ಎದುರಿನ ಜಗಲಿಯಲ್ಲಿ ಒಬ್ಬ ಅಜ್ಜಿ. ನಾಲ್ವರೂ ಒಂದೇ ವರ್ಷ ಒಂದನೇ ಕ್ಲಾಸಿಗೆ ಸೇರಿದವರು ಎಂದುಕೊಳ್ಳೋಣ. ಈಗ ಎಪ್ಪತ್ತೈದರ ಆಸುಪಾಸು.

ಮೊದಲನೆಯವರು ಬೆಳಕು ಹರಿಯುವ ಮುಂಚೆ ಗದ್ದೆಗೆ ನೀರು ಕಟ್ಟಿ ಬಂದಿದ್ದಾರೆ. ಎರಡನೆಯವರಿಗೆ ಸಕ್ಕರೆ ಕಾಯಿಲೆ. ಕಾಲಿನ ಒಂದು ಬೆರಳು ಹೋಗಿದೆ. ಕೋಲಿಲ್ಲದೆ ಏಳಲಾರರು. ಮೂರನೆಯವರ ಮೈಕಟ್ಟು ಗಟ್ಟಿ, ಹಲ್ಲೂ ಗಟ್ಟಿ. ಆದರೆ "ಮಗ ಬೆಂಗ್ಳೂರಿಂದ ಬಂದ್ನೇನ್ಲಾ?" ಅಂತ ಅರ್ಧ ಗಂಟೆಯಲ್ಲಿ ನಾಲ್ಕು ಸಲ ಕೇಳುತ್ತಾರೆ. ಜಗಲಿಯ ಅಜ್ಜಿಗೆ ಕಿವಿ ಮಂದ. ಆದರೆ ಯಾವ ಮನೆಗೆ ಯಾವ ಊರಿಂದ ಹೆಣ್ಣು ತಂದರು, ಯಾರ ಮದುವೆ ಯಾವ ಸುಗ್ಗಿಯಲ್ಲಿ ಆಯಿತು, ಎಲ್ಲವೂ ನಾಲಿಗೆಯ ತುದಿಯಲ್ಲಿದೆ.

ಕಾಗದದ ಮೇಲೆ ನಾಲ್ವರಿಗೂ ಒಂದೇ ವಯಸ್ಸು. ಮುಪ್ಪು ಮಾತ್ರ ನಾಲ್ಕು ಬಗೆ. ಇದು ಯಾಕೆ ಹೀಗೆ? ಇದು ಒಂದು ಪ್ರಶ್ನೆ. ಇದನ್ನು ತಿಳಿಯುವುದು ಹೇಗೆ? ಇದು ಇನ್ನೊಂದು. ಇವತ್ತಿನ ಮಾತು ಹೆಚ್ಚಾಗಿ ಎರಡನೆಯದರ ಬಗ್ಗೆ. ಅದು ಸರಿಯಾಗದೆ ಮೊದಲನೆಯದಕ್ಕೆ ಉತ್ತರ ಸಿಗುವುದಿಲ್ಲ.

ಮೊದಲಿಗೆ, ಆ ಕಾಗದದ ವಯಸ್ಸನ್ನೇ ಒಂದಿಷ್ಟು ಅನುಮಾನಿಸೋಣ. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ಕೇಳುತ್ತಾರೆ: "ಅಜ್ಜ, ನಿಮ್ಗೆ ವಯಸ್ಸೆಷ್ಟು?" ಅಜ್ಜ ಹೇಳುತ್ತಾರೆ: "ಯಾರ್ ಬರ್ದಿಟ್ಟವ್ರೆ ಕನವ್ವಾ? ಒಂದ್ ಎಪ್ಪತ್ತು ಆಗಿರ್ಬೋದು, ಬರ್ಕೊ." ಆಧಾರ್ ಕಾರ್ಡು ನೋಡಿದರೆ ಜನವರಿ ಒಂದು. ಶಾಲೆಯ ದಾಖಲೆ ನೋಡಿದರೆ ಜೂನ್ ಒಂದು, ಮೇಷ್ಟ್ರು ಬರೆದುಕೊಂಡದ್ದು. ಹಳ್ಳಿಯ ಹಿರಿಯರ ವಯಸ್ಸುಗಳನ್ನು ಒಟ್ಟು ಮಾಡಿ ನೋಡಿದರೆ ಅರವತ್ತು, ಅರವತ್ತೈದು, ಎಪ್ಪತ್ತರಲ್ಲೇ ಜನ ಗುಂಪುಗೂಡಿರುತ್ತಾರೆ. ಅರವತ್ತೊಂದು, ಅರವತ್ತೆರಡರಲ್ಲಿ ಜನವೇ ಇಲ್ಲವೇನೋ ಅನ್ನಿಸುತ್ತದೆ. ಜನಗಣತಿಯವರಿಗೆ ಈ ತೊಡಕು ಹಳೆಯದು.

ಅದಕ್ಕೆ ಸಮೀಕ್ಷೆಯವರು ಒಂದು ಉಪಾಯ ಮಾಡುತ್ತಾರೆ. ಊರಿಗೆ ಗೊತ್ತಿರುವ ಘಟನೆಗಳ ಪಟ್ಟಿ ಇಟ್ಟುಕೊಂಡು ಕೇಳುತ್ತಾರೆ. ನಮ್ಮ ಸೀಮೆಯಲ್ಲಾದರೆ ಶಿವಪುರದಲ್ಲಿ ಸ್ವಾತಂತ್ರ್ಯ ಹೋರಾಟದ ಬಾವುಟ ಹಾರಿಸಿದ್ದು 1938ರಲ್ಲಿ. ಮಂಡ್ಯ ಬೇರೆ ಜಿಲ್ಲೆ ಆದದ್ದು 1939ರಲ್ಲಿ. ಗಾಂಧೀಜಿ ತೀರಿಕೊಂಡದ್ದು 1948ರಲ್ಲಿ. "ನಾನು ಹುಟ್ಟಿದಾಗ ಗಾಂಧಿ ಸತ್ತು ಒಂದು ಸುಗ್ಗಿ ಆಗಿತ್ತಂತೆ, ನಮ್ಮವ್ವ ಹೇಳ್ತಿದ್ಲು" ಎಂದರೆ ಸಾಕು, ವರ್ಷ ಸಿಕ್ಕಿತು. ಆಧಾರಿನ ಜನವರಿ ಒಂದಕ್ಕಿಂತ ಆ ಅವ್ವನ ಮಾತೇ ನನಗೆ ಹೆಚ್ಚು ನಂಬಿಕೆಯದು.

ಇಷ್ಟು ಹೇಳಿದೆ: ಒಂದೇ ವಯಸ್ಸಿನವರು ಬೇರೆ ಬೇರೆ ಬಗೆಯಲ್ಲಿ ಮುಪ್ಪಾಗುತ್ತಾರೆ, ಮತ್ತು ವಯಸ್ಸು ಬರೆದಿಡುವುದೇ ಸುಲಭವಲ್ಲ. ಈಗ ಮುಂದಿನ ಮಾತು. ಮುಪ್ಪನ್ನು ಅಳೆಯುವುದು ಹೇಗೆ?

ಥಟ್ಟನೆ ಹೊಳೆಯುವ ದಾರಿ ಒಂದಿದೆ. ಒಂದು ದಿನ ಊರಿಗೆ ಹೋಗುವುದು. ಇಪ್ಪತ್ತೈದರವರನ್ನು, ಐವತ್ತರವರನ್ನು, ಎಪ್ಪತ್ತೈದರವರನ್ನು ಸಾಲಾಗಿ ಕೂರಿಸುವುದು. ಎತ್ತರ ಅಳೆಯುವುದು, ತೂಕ ನೋಡುವುದು, ಹತ್ತು ಪದ ಹೇಳಿ ಎಷ್ಟು ನೆನಪಿದೆ ಎಂದು ಕೇಳುವುದು. ಸಂಜೆಯ ಹೊತ್ತಿಗೆ ಲೆಕ್ಕ ಸಿದ್ಧ. ಎಪ್ಪತ್ತೈದರವರು ಗಿಡ್ಡ. ಅವರಿಗೆ ನೆನಪೂ ಕಡಿಮೆ. ಹಾಗಾದರೆ ವಯಸ್ಸಾದಂತೆ ಮನುಷ್ಯ ಕುಗ್ಗುತ್ತಾನೆ, ಮರೆಯುತ್ತಾನೆ. ಸರಿಯೇ?

ಅರ್ಧ ಸರಿ. ಆ ಅಜ್ಜ ಹುಟ್ಟಿದ ಕಾಲದಲ್ಲಿ ಮಕ್ಕಳಿಗೆ ಹಾಲು ಬೇಳೆ ಎಷ್ಟು ಸಿಗುತ್ತಿತ್ತು? ಅಜ್ಜ ಇಪ್ಪತ್ತೈದರಲ್ಲೂ ಇವತ್ತಿನ ಮೊಮ್ಮಗನಷ್ಟು ಎತ್ತರ ಇರಲಿಲ್ಲ. ನೆನಪಿನ ಪರೀಕ್ಷೆಯೂ ಹಾಗೆಯೇ. ಮೊಮ್ಮಗ ಹದಿನೈದು ವರ್ಷ ಪರೀಕ್ಷೆ ಬರೆದೇ ಬೆಳೆದವನು. ಅಜ್ಜ ನಾಲ್ಕನೇ ಕ್ಲಾಸಿಗೆ ಎತ್ತು ಮೇಯಿಸಲು ಹೊರಟವರು. ಅಜ್ಜಿಯಂತೂ ಎರಡನೆಯದಕ್ಕೇ ತಮ್ಮನನ್ನು ಎತ್ತಿಕೊಳ್ಳಲು ಶಾಲೆ ಬಿಟ್ಟವರು. ನಾವು ಅಳೆದದ್ದರಲ್ಲಿ ಮುಪ್ಪು ಎಷ್ಟು, ಕಾಲದ ವ್ಯತ್ಯಾಸ ಎಷ್ಟು? ಒಂದು ದಿನದ ಅಳತೆಯಲ್ಲಿ ಇವೆರಡೂ ಬೆರೆತು ಹೋಗಿರುತ್ತವೆ. ಬಿಡಿಸಲು ಬರುವುದಿಲ್ಲ.

ಇದನ್ನು ಸ್ಪಷ್ಟವಾಗಿ ತೋರಿಸಿದವರು ವಾರ್ನರ್ ಶಾಯ್ ಎಂಬ ಮನಶ್ಶಾಸ್ತ್ರಜ್ಞರು. ಅಮೆರಿಕದ ಸಿಯಾಟಲ್ ನಗರದಲ್ಲಿ 1956ರಲ್ಲಿ ಸುಮಾರು 500 ಮಂದಿಯ ಬುದ್ಧಿಶಕ್ತಿ ಪರೀಕ್ಷಿಸಿದರು. ಏಳು ವರ್ಷ ಬಿಟ್ಟು ಅದೇ ಜನರ ಹತ್ತಿರ ಮತ್ತೆ ಹೋದರು. ಮತ್ತೆ ಏಳು ವರ್ಷ, ಮತ್ತೆ ಏಳು ವರ್ಷ. ಒಂದೇ ದಿನದ ಹೋಲಿಕೆ ನೋಡಿದರೆ ಯೌವನ ಕಳೆಯುತ್ತಲೇ ಬುದ್ಧಿ ಇಳಿಯುತ್ತ ಹೋಗುವಂತೆ ಕಾಣುತ್ತಿತ್ತು. ಅದೇ ವ್ಯಕ್ತಿಯನ್ನು ಅವನ ಹಿಂದಿನ ಅಂಕದೊಡನೆ ಹೋಲಿಸಿದರೆ ಚಿತ್ರವೇ ಬೇರೆ. ಹೆಚ್ಚಿನವರಲ್ಲಿ ಅರವತ್ತರ ಹತ್ತಿರದವರೆಗೂ ಹೇಳಿಕೊಳ್ಳುವಂಥ ಇಳಿತವಿಲ್ಲ. ಆಮೇಲೂ ಎಲ್ಲರೂ ಒಂದೇ ಸಮ ಇಳಿಯುವುದಿಲ್ಲ. ಕೆಲವರು ಎಂಬತ್ತರಲ್ಲೂ ಗಟ್ಟಿ.

ಹಾಗಾಗಿ ಮುಪ್ಪನ್ನು ತಿಳಿಯಬೇಕಾದರೆ ಒಬ್ಬರನ್ನು ಇನ್ನೊಬ್ಬರ ಪಕ್ಕ ನಿಲ್ಲಿಸಿದರೆ ಸಾಲದು. ಒಬ್ಬರನ್ನು ಅವರದೇ ಹಿಂದಿನ ದಿನಗಳ ಪಕ್ಕ ನಿಲ್ಲಿಸಬೇಕು. ಅಂದರೆ, ಮತ್ತೆ ಹೋಗಬೇಕು. ಅದೇ ಮನೆಗೆ, ಅದೇ ಮನುಷ್ಯರ ಹತ್ತಿರ.

ಮತ್ತೆ ಹೋಗುವ ಈ ಅಭ್ಯಾಸಕ್ಕೆ ನಮ್ಮ ಮಂಡ್ಯ ಜಿಲ್ಲೆಯಲ್ಲೇ ಒಂದು ಹೆಸರಾಂತ ಉದಾಹರಣೆ ಇದೆ. ಆಸ್ಟ್ರಿಯಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಲ್ಲಿ ಮಂಡ್ಯದ ಹಳ್ಳಿಗೆ ಬಂದರು. ಎರಡು ಹಳ್ಳಿಗಳನ್ನು ಆರಿಸಿಕೊಂಡರು. ಒಂದಕ್ಕೆ ನಾಲೆಯ ನೀರು ಬಂದಿತ್ತು. ಇನ್ನೊಂದಕ್ಕೆ ಬಂದಿರಲಿಲ್ಲ. ಹಳ್ಳಿಗಳ ನಿಜ ಹೆಸರು ಮುಚ್ಚಿಟ್ಟು ವಂಗಲ, ದಾಲೇನ ಎಂದು ಕರೆದರು. ನೀರು ಬಂದ ಹಳ್ಳಿ ಕಬ್ಬಿನಿಂದ ಅನುಕೂಲ ಕಂಡಿತು. ಆದರೆ ಬದುಕಿನ ಕಟ್ಟುಪಾಡು ಹೆಚ್ಚು ಬದಲಾಗಲಿಲ್ಲ. ನೀರು ಬಾರದ ಹಳ್ಳಿಯವರು ಮಂಡ್ಯ ಪೇಟೆಗೆ ಕೆಲಸಕ್ಕೆ, ವ್ಯಾಪಾರಕ್ಕೆ ಹೊರಟರು. ಅವರ ಬದುಕೇ ಹೆಚ್ಚು ಮಗುಚಿತು. ಎಪ್‌ಸ್ಟೈನ್ 1970ರಲ್ಲಿ ಮತ್ತೆ ಬಂದರು. ಆಮೇಲೂ ಬಂದರು. ಕನ್ನಡಿಗರೇ ಆದ ಎ.ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡರ ಜೊತೆ ಸೇರಿ ನಲವತ್ತು ವರ್ಷಗಳ ಬದಲಾವಣೆಯನ್ನು ಪುಸ್ತಕ ಮಾಡಿದರು.

ಅದು ಹಳ್ಳಿಗಳ ಅಧ್ಯಯನ, ಒಬ್ಬೊಬ್ಬ ಮನುಷ್ಯನ ಮೈಮನಸ್ಸಿನದಲ್ಲ. ಒಪ್ಪುತ್ತೇನೆ. ಆದರೂ ಇಲ್ಲಿ ಹೇಳಬೇಕು ಅನ್ನಿಸಿತು. ಒಂದೇ ಸಲ ಬಂದು ಹೋಗಿದ್ದರೆ ನೀರು ಬಂದದ್ದೇ ಬದಲಾವಣೆ, ಬಾರದ್ದೇ ಜಡ ಎಂದು ಬರೆದುಬಿಡುವುದು ಸುಲಭವಿತ್ತು.

ಇಲ್ಲಿಯವರೆಗಿನ ಮಾತು ಇಷ್ಟು: ಒಂದು ದಿನದ ಅಳತೆ ಮೋಸ ಮಾಡುತ್ತದೆ, ಅದೇ ಜನರ ಬಳಿಗೆ ಮತ್ತೆ ಮತ್ತೆ ಹೋಗಬೇಕು. ಈಗ ಇನ್ನೂ ಹಿಂದಕ್ಕೆ ಹೋಗೋಣ. ಒಬ್ಬರ ಮುಪ್ಪಿನ ಕಥೆ ಎಲ್ಲಿಂದ ಶುರು? ನಲವತ್ತೈದರಿಂದಲೋ, ಅರವತ್ತರಿಂದಲೋ? ಮೈಸೂರಿನ ಒಂದು ಆಸ್ಪತ್ರೆಯ ಹಳೆಯ ರಿಜಿಸ್ಟರುಗಳು ಹೇಳುವ ಪ್ರಕಾರ, ಹುಟ್ಟಿದ ದಿನದಿಂದ.

ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ ನಮ್ಮ ಕಡೆಯವರಿಗೂ ಪರಿಚಿತ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಂಬುದು ಅದರ ಹೆಸರು. ಶುರುವಾದದ್ದು 1906ರಲ್ಲಿ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲವನ್ನೂ ಬರೆದಿಡುವ ಕ್ರಮವಿತ್ತು. ಪೌಂಡು, ಔನ್ಸಿನ ಲೆಕ್ಕ. ಬರೆದವರಿಗೆ ಅದು ದಿನದ ಕೆಲಸ. ಮುಂದೆ ಯಾರೋ ಬಂದು ಈ ಅಂಕಿಗಳ ಮೇಲೆ ಲೋಕಕ್ಕೆ ಹೊಸ ಮಾತು ಹೇಳುತ್ತಾರೆಂದು ಅವರು ಕನಸಿನಲ್ಲೂ ಎಣಿಸಿರಲಾರರು. ರಿಜಿಸ್ಟರುಗಳು ಗೆದ್ದಲು ತಿನ್ನದೆ, ರದ್ದಿಗೆ ಹೋಗದೆ ಉಳಿದವು. ನಮ್ಮ ಕಚೇರಿಗಳನ್ನು ಬಲ್ಲವರಿಗೆ ಇದೇ ದೊಡ್ಡ ಪವಾಡ.

ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯರು ಒಂದು ವಿಚಾರ ಎತ್ತಿದ್ದರು. ಹುಟ್ಟುವಾಗ ಸಣ್ಣದಾಗಿದ್ದ ಮಕ್ಕಳಿಗೆ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಹೆಚ್ಚು ಎಂಬುದು ಆ ವಿಚಾರ. ಹರ್ಟ್‌ಫರ್ಡ್‌ಶೈರ್ ಎಂಬ ಕಡೆ 1911ರಿಂದ ಇದ್ದ ಹೆರಿಗೆಯ ದಾಖಲೆಗಳು ಅವರಿಗೆ ಆಧಾರ. ಈ ಮಾತು ಭಾರತಕ್ಕೂ ನಿಜವೇ? ಇಲ್ಲಿ ಸಣ್ಣ ತೂಕದ ಮಕ್ಕಳೇ ಹೆಚ್ಚು. ಬಾರ್ಕರ್ ಅವರ ತಂಡದ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಸೇರಿ ಈ ಕೆಲಸಕ್ಕೆ ಕೈಹಾಕಿದರು.

ಕೆಲಸ ಹೇಗಿತ್ತು ಊಹಿಸಿಕೊಳ್ಳಿ. ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆಗೆ ಹೋಗಿ, ನಡುವಯಸ್ಸಿನವರನ್ನು ಕಂಡು, ನೀವು ಹುಟ್ಟಿದ್ದು ಮಿಷನ್ ಆಸ್ಪತ್ರೆಯಲ್ಲಾ ಎಂದು ಕೇಳಬೇಕು. ಹೌದು ಎಂದರೆ ರಿಜಿಸ್ಟರಿನಲ್ಲಿ ಹುಡುಕಬೇಕು. ಆದರೆ ಹುಟ್ಟಿದ ದಿನ ಮಗುವಿಗೆ ಹೆಸರೇ ಇರುವುದಿಲ್ಲ. ತಾಯಿಯ ಹೆಸರು, ತಂದೆಯ ಹೆಸರು, ಸುಮಾರು ಹುಟ್ಟಿದ ತಾರೀಖು, ಇವುಗಳನ್ನು ಹೊಂದಿಸಿಯೇ ಗುರುತು ಹಿಡಿಯಬೇಕು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳನ್ನು ಹುಡುಕುವುದು ಇನ್ನೂ ಕಷ್ಟ.

ಹೀಗೆ 1934ರಿಂದ 1954ರ ನಡುವೆ ಹುಟ್ಟಿದ ಸುಮಾರು 500 ಗಂಡಸರು, ಹೆಂಗಸರು ಸಿಕ್ಕರು. ಅವರ ಹೃದಯ ಪರೀಕ್ಷೆ ನಡೆಯಿತು. ಫಲಿತಾಂಶ 1996ರಲ್ಲಿ ಹೊರಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ ಹನ್ನೊಂದು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ನೂರಕ್ಕೆ ಮೂವರಿಗೆ. ಹನ್ನೊಂದು ಒಂದು ಕಡೆ, ಮೂರು ಇನ್ನೊಂದು ಕಡೆ. ಐವತ್ತು ವರ್ಷದ ಹಿಂದಿನ ತಕ್ಕಡಿಯ ಮುಳ್ಳು ಇವತ್ತಿನ ಎದೆನೋವಿನ ಬಗ್ಗೆ ಮಾತಾಡುತ್ತಿದೆ.

ಸಕ್ಕರೆ ಕಾಯಿಲೆಯಲ್ಲೂ ಹೀಗೇ ಇರಬೇಕು ಎಂದು ಅಂದುಕೊಂಡರು. ಹಾಗೆ ಆಗಲಿಲ್ಲ. ಮೈಸೂರಿನಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡದ್ದು ಗಿಡ್ಡವಾಗಿ, ದುಂಡಾಗಿ ಹುಟ್ಟಿದವರಲ್ಲಿ. ಅವರ ತಾಯಂದಿರು ತೂಕ ಹೆಚ್ಚಿದ್ದವರು. ಇಂಗ್ಲೆಂಡಿನ ಲೆಕ್ಕವನ್ನು ಹಾಗೇ ತಂದು ಇಲ್ಲಿ ಅಂಟಿಸಿದರೆ ಆಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಇದರಿಂದ ಮುಂದಿನ ಪ್ರಶ್ನೆ ಹುಟ್ಟಿತು: ಗರ್ಭಿಣಿಯರಿಗೆ ಬರುವ ಸಕ್ಕರೆ ಕಾಯಿಲೆ ಮಕ್ಕಳನ್ನು ಏನು ಮಾಡುತ್ತದೆ? ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಎಂಟುನೂರಕ್ಕೂ ಹೆಚ್ಚು ಗರ್ಭಿಣಿಯರನ್ನು ಸೇರಿಸಿಕೊಂಡು ಹೊಸ ಅಧ್ಯಯನ ಶುರುವಾಯಿತು. ಹುಟ್ಟಿದ ಮಕ್ಕಳನ್ನು ಬೆನ್ನುಬಿಡದೆ ನೋಡುತ್ತ ಬಂದವರು ಡಾ. ಜಿ.ವಿ. ಕೃಷ್ಣವೇಣಿ ಮತ್ತು ಅವರ ತಂಡ. ಅಲ್ಲಿನ ಸಂಶೋಧಕರು ಹಳೆಯ ರಿಜಿಸ್ಟರಿನವರನ್ನೂ ಬಿಡಲಿಲ್ಲ. ಐವತ್ತೈದು ದಾಟಿ ಎಂಬತ್ತರವರೆಗಿನ ವಯಸ್ಸಿಗೆ ಬಂದ ಆ ರಿಜಿಸ್ಟರುಗಳಲ್ಲಿರುವ ಜನರನ್ನು ಹುಡುಕಿ, ಏಳುನೂರಕ್ಕೂ ಹೆಚ್ಚು ಮಂದಿಯ ನೆನಪು, ಬುದ್ಧಿ, ಮನಸ್ಸಿನ ಸ್ಥಿತಿ ನೋಡಿದರು.

ಒಂದು ಎಚ್ಚರಿಕೆಯ ಮಾತು. ಈ ಲೆಕ್ಕದಲ್ಲಿ ಇರುವವರು ಬದುಕಿ ಉಳಿದವರು. ಹುಟ್ಟಿದ ವರ್ಷವೇ ಹೋದವರು, ಮೂವತ್ತರಲ್ಲಿ ಹೋದವರು ಇದರಲ್ಲಿಲ್ಲ. ಇನ್ನೊಂದು: 1940ರ ಕಾಲದಲ್ಲಿ ಆಸ್ಪತ್ರೆಯಲ್ಲಿ ಹೆತ್ತವರು ಎಷ್ಟು ಜನ? ನಮ್ಮ ಹಳ್ಳಿಗಳಲ್ಲಿ ಹೆರಿಗೆ ಆದದ್ದು ಮನೆಯ ಕತ್ತಲೆ ಕೋಣೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಸೂಲಗಿತ್ತಿ ಮಗುವನ್ನು ಕೈಯಲ್ಲೇ ಅಳೆದಳು, ತಕ್ಕಡಿಗೆ ಹಾಕಲಿಲ್ಲ. ನಮ್ಮ ಅರಳಿಕಟ್ಟೆಯ ಹಿರಿಯರ ಮೊದಲ ಪುಟ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಮೈಸೂರಿನ ಮಾತು ಬಂದಾಗ ಒಂದು ಹೆಸರು ಹೇಳದೆ ಮುಂದೆ ಹೋಗಲಾರೆ. ನೀವೀಗ ಕೇಳುತ್ತಿರುವ ಬಾನುಲಿಗೂ ಅದಕ್ಕೂ ನಂಟಿದೆ. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. ಒಬ್ಬನ ಬುದ್ಧಿಗೂ ಇನ್ನೊಬ್ಬನ ಬುದ್ಧಿಗೂ ಇರುವ ಅಂತರವನ್ನು ಅಳೆಯುವ ವಿದ್ಯೆಗೆ ಆ ಸ್ಪಿಯರ್‌ಮನ್ ದೊಡ್ಡ ಗುರು. ಹಾಗಾಗಿ ಇವತ್ತಿನ ವಿಷಯಕ್ಕೆ ಈ ಮೈಕು ಹೊರಗಿನದಲ್ಲ.

ಮತ್ತೆ ದಾರಿಗೆ ಬರೋಣ. ಹುಟ್ಟಿದ ದಿನದ ತೂಕವೂ ಮುಪ್ಪಿನ ಲೆಕ್ಕಕ್ಕೆ ಸೇರುತ್ತದೆ ಎಂದು ನೋಡಿದೆವು. ಆದರೆ ಅಂಥ ದಾಖಲೆ ಇಲ್ಲದ ಹಳ್ಳಿಗಳಲ್ಲಿ ಏನು ಮಾಡುವುದು? ಇವತ್ತಿನಿಂದ ಶುರುಮಾಡಿ ಮುಂದಕ್ಕೆ ಹೋಗುವುದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಆಗುತ್ತಿರುವುದು ಅದೇ.

ಶ್ರೀನಿವಾಸಪುರ ಎಂದರೆ ಮಾವು. ನಮ್ಮಂತೆ ನಾಲೆಯ ಸೀಮೆಯಲ್ಲ. ಕೆರೆ, ಬೋರ್‌ವೆಲ್ ನಂಬಿದ ನೆಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು, ಅಂದರೆ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವುದನ್ನು, ಕೇಳಿರುತ್ತೀರಿ. ಅಲ್ಲಿ ಮಿದುಳು ಸಂಶೋಧನಾ ಕೇಂದ್ರ ಒಂದಿದೆ. ವಿಜಯಲಕ್ಷ್ಮೀ ರವೀಂದ್ರನಾಥ್ ಅದರ ಸ್ಥಾಪಕ ನಿರ್ದೇಶಕಿ. ಆ ಕೇಂದ್ರ 2018ರಲ್ಲಿ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಕೆಲಸ ಶುರುಮಾಡಿತು. ಗುರಿ 10,000 ಮಂದಿ. ಎಲ್ಲರೂ ನಲವತ್ತೈದು ದಾಟಿದವರು. ಸೇರುವಾಗ ಮರೆವಿನ ಕಾಯಿಲೆ ಇಲ್ಲದವರು. ಈಗಲೇ ಮರೆತವರನ್ನು ಲೆಕ್ಕ ಹಾಕಿ ಮುಗಿಸುವುದು ಉದ್ದೇಶವಲ್ಲ. ಚೆನ್ನಾಗಿರುವ ಇಷ್ಟು ಜನರಲ್ಲಿ ಮುಂದೆ ಯಾರು ಮರೆಯಲು ಶುರುಮಾಡುತ್ತಾರೆ, ಯಾರು ಹಾಗೇ ಉಳಿಯುತ್ತಾರೆ, ಇಬ್ಬರಿಗೂ ವ್ಯತ್ಯಾಸ ಎಲ್ಲಿ ಎಂಬುದು ಪ್ರಶ್ನೆ. ಅದಕ್ಕೆ ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆ, ಬೆಂಗಳೂರಿಗೆ ಕರೆತಂದು ಮಿದುಳಿನ ಸ್ಕ್ಯಾನ್. ಕೆಲವು ಕಾಲ ಬಿಟ್ಟು ಮತ್ತೆ ಎಲ್ಲವೂ. ಹೋಲಿಕೆಗೆ ಬೆಂಗಳೂರು ನಗರದಲ್ಲಿ ಇನ್ನೊಂದು ತಂಡ, ಗುರಿ ಸುಮಾರು 1,000.

ಇಲ್ಲಿ ಒಂದು ಸ್ವಾರಸ್ಯದ ತೊಡಕು ಬರುತ್ತದೆ. ಸ್ವಲ್ಪ ನಿಂತು ನೋಡೋಣ. ಮರೆವಿನ ಪರೀಕ್ಷೆಗಳು ಹುಟ್ಟಿದ್ದು ಓದುಬರಹ ಬಲ್ಲ ಜನರ ನಡುವೆ. ಇವತ್ತು ತಾರೀಖು ಎಷ್ಟು? ಒಂದು ವಾಕ್ಯ ಬರೆಯಿರಿ. ನೂರರಿಂದ ಏಳೇಳು ಕಳೆಯುತ್ತ ಹೋಗಿ. ನಮ್ಮ ಜಗಲಿಯ ಅಜ್ಜಿಯನ್ನು ಹೀಗೆ ಕೇಳಿದರೆ ಸೊನ್ನೆ ಅಂಕ. ಆದರೆ ಆಕೆಗೆ ಇವತ್ತು ಅಮಾವಾಸ್ಯೆಗೆ ಎಷ್ಟು ದಿನ ಉಳಿದಿದೆ ಎಂದು ಗೊತ್ತು. ಹಾಲಿನ ಡೈರಿಯ ವಾರದ ಲೆಕ್ಕ ಗೊತ್ತು. ಹರಿಯಾಣದ ಬಲ್ಲಭ್‌ಗಢದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಸಂಶೋಧಕರಿಗೆ ಇದೇ ತೊಡಕು ಎದುರಾಯಿತು. ಓದು ಬಾರದವರಿಗೆ ಹೊಂದುವ ಪರೀಕ್ಷೆಯನ್ನು ಅವರು ಹಿಂದಿಯಲ್ಲಿ ಕಟ್ಟಿದರು. ಈಗ ಬೆಳಗೋ, ಮಧ್ಯಾಹ್ನವೋ, ಸಂಜೆಯೋ ಎಂಬಂಥ ಪ್ರಶ್ನೆಗಳು ಬಂದವು. ಬೆಂಗಳೂರಿನ ಕೇಂದ್ರವೂ ಸ್ಥಳೀಯ ಭಾಷೆಯಲ್ಲಿ, ಓದು ಕಡಿಮೆ ಇರುವವರಿಗೂ ಆಗುವಂತೆ ಕಂಪ್ಯೂಟರ್ ಪರೀಕ್ಷೆಯನ್ನು ಸಿದ್ಧಮಾಡಿಕೊಂಡಿತು.

ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಎಂಬುದೂ ಲೋಕದ ಎಲ್ಲೆಡೆ ಬಳಸುವ ಪರೀಕ್ಷೆ. ಇದರಲ್ಲಿ ನಮ್ಮ ರೈತರು ಪೇಟೆಯವರಿಗೆ ಸೋಲುವುದಿಲ್ಲ ಎಂದು ನನ್ನ ಊಹೆ. ಹೋರಿ, ಕಡಸು, ಟಗರು, ಆಡು ಎಂದು ಶುರುಮಾಡಿದರೆ ನಿಮಿಷ ಸಾಲದು. ಆದರೆ ಕಡಸನ್ನು ಹಸುವಿನಿಂದ ಬೇರೆ ಎಣಿಸಬೇಕೋ ಬೇಡವೋ ಎಂಬುದನ್ನು ಅಂಕ ಹಾಕುವವರು ಮೊದಲೇ ತೀರ್ಮಾನಿಸಿರಬೇಕು.

ನಮ್ಮ ದೇಶದ ಮಟ್ಟದಲ್ಲೂ ಇಂಥ ಕೆಲಸ ನಡೆದಿದೆ. ಮುಂಬೈನ ಜನಸಂಖ್ಯಾ ವಿಜ್ಞಾನ ಸಂಸ್ಥೆ ಹಾರ್ವರ್ಡ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ಜೊತೆ ಸೇರಿ ಭಾರತದ ಮುಪ್ಪಿನ ದೊಡ್ಡ ಸಮೀಕ್ಷೆಯನ್ನು ಮಾಡಿತು. ಅದರ ಪ್ರಾಯೋಗಿಕ ಸುತ್ತು 2010ರಲ್ಲಿ ನಾಲ್ಕೇ ರಾಜ್ಯಗಳಲ್ಲಿ ನಡೆಯಿತು. ಕರ್ನಾಟಕ ಅವುಗಳಲ್ಲಿ ಒಂದು. ಪೂರ್ಣ ಸುತ್ತು 2017–18ರಲ್ಲಿ. ನಲವತ್ತೈದು ದಾಟಿದ ಸುಮಾರು 72,000 ಮಂದಿ. ಬರೀ ಪ್ರಶ್ನೆಯಲ್ಲ. ಕೈಗೆ ಒಂದು ಹಿಡಿಕೆಯನ್ನು ಕೊಟ್ಟು ಬಲವಾಗಿ ಅದುಮಿ ಎನ್ನುತ್ತಾರೆ. ನಾಲ್ಕು ಹೆಜ್ಜೆ ನಡೆಸಿ ವೇಗ ನೋಡುತ್ತಾರೆ. ಉಸಿರು, ಬಿಪಿ, ದೃಷ್ಟಿ ನೋಡುತ್ತಾರೆ. ಇದರ ಒಂದು ಶಾಖೆಯ ಅಂದಾಜಿನಂತೆ ಅರವತ್ತು ದಾಟಿದ ಭಾರತೀಯರಲ್ಲಿ ನೂರಕ್ಕೆ ಏಳು ಮಂದಿಗಿಂತ ತುಸು ಹೆಚ್ಚು ಜನಕ್ಕೆ ಮರೆವಿನ ಕಾಯಿಲೆ ಇದೆ.

ಕೈಯ ಹಿಡಿತ ಅಳೆಯುವುದೇಕೆ ಎನ್ನಬಹುದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಸೇರಿದ್ದ, 17 ದೇಶಗಳ ಸುಮಾರು 1,40,000 ಮಂದಿಯ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹಿಡಿತ ಐದು ಕಿಲೋ ಕಡಿಮೆ ಇದ್ದಷ್ಟೂ ಸಾವಿನ ಅಪಾಯ ನೂರಕ್ಕೆ ಸುಮಾರು ಹದಿನಾರರಷ್ಟು ಹೆಚ್ಚು ಎಂದು ಅದು ಕಂಡಿತು. ಆದರೆ ಕಬ್ಬು ಕಡಿದ ಕೈಯನ್ನು ಲೆಕ್ಕಪತ್ರ ಬರೆದ ಕೈಯೊಡನೆ ಹೋಲಿಸಿ ಏನು ಪ್ರಯೋಜನ? ಕಬ್ಬು ಕಡಿಯುವವರ ಹಿಡಿತ ಒಂದಿಷ್ಟು ಇಳಿದರೂ ಗುಮಾಸ್ತರಿಗಿಂತ ಬಲವಾಗೇ ಇರಬಹುದು. ಆ ಇಳಿತ ಕಾಣುವುದು ಅವರದೇ ಹಳೆಯ ಅಳತೆ ಕೈಯಲ್ಲಿದ್ದರೆ ಮಾತ್ರ.

ಇಷ್ಟು ಹೊತ್ತು ವಿಧಾನದ ಮಾತಾಯಿತು: ಮತ್ತೆ ಮತ್ತೆ ಹೋಗುವುದು, ಹುಟ್ಟಿನಿಂದ ಬರೆದಿಡುವುದು, ಜನಕ್ಕೆ ಹೊಂದುವ ಪ್ರಶ್ನೆ ಕೇಳುವುದು. ಈಗ ಇದರಿಂದ ತಿಳಿದದ್ದೇನು? ಒಂದು ವಿಷಯ ಎಲ್ಲ ಕಡೆಯೂ ಎದ್ದು ಕಾಣುತ್ತದೆ. ವಯಸ್ಸಾದಂತೆ ಜನ ಒಬ್ಬರಂತೊಬ್ಬರು ಆಗುವುದಿಲ್ಲ. ಇನ್ನಷ್ಟು ಬೇರೆ ಬೇರೆಯಾಗುತ್ತಾರೆ.

ನ್ಯೂಜಿಲೆಂಡಿನ ಡನೀಡನ್ ಎಂಬ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ಇವತ್ತಿಗೂ ನೋಡುತ್ತ ಬಂದಿದ್ದಾರೆ. ಅವರಿಗೆಲ್ಲ ಮೂವತ್ತೆಂಟಾದಾಗ ಮೂತ್ರಪಿಂಡ, ಶ್ವಾಸಕೋಶ, ರಕ್ತನಾಳ, ಹಲ್ಲು ಎಲ್ಲ ನೋಡಿ ದೇಹದ ವಯಸ್ಸು ಲೆಕ್ಕ ಹಾಕಿದರು. ಕೆಲವರ ದೇಹಕ್ಕೆ ಮೂವತ್ತು ತುಂಬಿರಲಿಲ್ಲ. ಕೆಲವರದು ಅರವತ್ತು ದಾಟಿತ್ತು! ಹುಟ್ಟಿದ್ದು ಒಂದೇ ಊರಿನಲ್ಲಿ, ಒಂದೇ ವರ್ಷದ ಆಸುಪಾಸಿನಲ್ಲಿ. ಅಮೆರಿಕದ ಬಾಲ್ಟಿಮೋರಿನಲ್ಲಿ 1958ರಿಂದ ನಡೆಯುತ್ತಿರುವ ಅಧ್ಯಯನದ ಅನುಭವವೂ ಇದೇ. ಮುಪ್ಪಿಗೆ ಒಂದೇ ನಡಿಗೆ ಎಂಬುದಿಲ್ಲ.

ನಮ್ಮ ವಿಶ್ವೇಶ್ವರಯ್ಯ ನಾಲೆಯನ್ನು ನೆನೆದರೆ ಇದು ತಿಳಿಯುತ್ತದೆ. ತೂಬಿನ ಬಳಿ ಎಲ್ಲರದೂ ಒಂದೇ ನೀರು. ಉಪನಾಲೆ, ಸೀಳುನಾಲೆ, ಗದ್ದೆಯ ಕಾಲುವೆ ಎಂದು ಕವಲೊಡೆಯುತ್ತ ಹೋದಂತೆ ಒಬ್ಬರ ಗದ್ದೆ ತುಂಬುತ್ತದೆ. ಕೊನೆಭಾಗದವರು ಧರಣಿ ಕೂರುತ್ತಾರೆ. ಹತ್ತು ವರ್ಷದ ಮಕ್ಕಳು ಸುಮಾರಾಗಿ ಒಂದೇ ಥರ ಓಡುತ್ತಾರೆ. ಅರವತ್ತು ವರ್ಷ ಕಳೆದ ಮೇಲೆ ನೋಡಿ.

ಆ ಕವಲುಗಳು ಯಾವುವು? ಮರೆವಿನ ಕಾಯಿಲೆಯ ಮಟ್ಟಿಗೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ ಹದಿನಾಲ್ಕು ಕಾರಣಗಳನ್ನು ಗುರುತಿಸಿತು. ಇವನ್ನೆಲ್ಲ ಸರಿಪಡಿಸಿದರೆ ಕಾಯಿಲೆಯ ಅರ್ಧಕ್ಕೆ ಹತ್ತಿರದಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಅಂದಾಜು. ಹದಿನಾಲ್ಕನ್ನೂ ಇಲ್ಲಿ ಓದುವುದಿಲ್ಲ. ನಮ್ಮ ಹಳ್ಳಿಗೆ ತಟ್ಟುವ ಕೆಲವನ್ನು ಹೇಳುತ್ತೇನೆ. ಚಿಕ್ಕಂದಿನಲ್ಲಿ ಓದು ಸಿಗದಿರುವುದು. ಬಿಪಿ. ಸಕ್ಕರೆ ಕಾಯಿಲೆ. ಬೀಡಿ. ಕಿವಿ ಕೇಳದಿರುವುದು. ಕಣ್ಣಿನ ತೊಂದರೆಗೆ ಚಿಕಿತ್ಸೆ ಇಲ್ಲದಿರುವುದು. ಒಂಟಿತನ. ಜಗಲಿಯ ಅಜ್ಜಿಯ ಕಿವಿ ಮಂದವಾದದ್ದನ್ನು ಮನೆಯವರು "ವಯಸ್ಸಾಯ್ತಲ್ಲ, ಬುಡು" ಎಂದು ಬಿಟ್ಟಿರುತ್ತಾರೆ. ಮಾತು ಕೇಳಿಸದವರೊಡನೆ ಮಾತಾಡುವವರೂ ಕಡಿಮೆಯಾಗುತ್ತಾರೆ. ಕಿವಿಯ ತೊಂದರೆ ಹೀಗೆ ಒಂಟಿತನವೂ ಆಗುತ್ತದೆ. ಪಟ್ಟಿಯಲ್ಲಿ ಅವು ಎರಡು, ಅಜ್ಜಿಯ ಪಾಲಿಗೆ ಒಂದೇ.

ಇನ್ನೊಂದು ವ್ಯತ್ಯಾಸವನ್ನು ನಾವು ಮರೆಯುತ್ತೇವೆ. ಒಬ್ಬರೂ ದಿನದಿಂದ ದಿನಕ್ಕೆ ಒಂದೇ ಸಮ ಇರುವುದಿಲ್ಲ. ಬೆಳಗ್ಗೆಯ ಬಿಪಿ ಬೇರೆ, ಸಂಜೆಯದು ಬೇರೆ. ಹಬ್ಬದ ಮಾರನೆಯ ದಿನದ ಸಕ್ಕರೆ ಬೇರೆ. ರಾತ್ರಿಯೆಲ್ಲ ನೀರು ಕಾದು ಬಂದವರನ್ನು ಮಧ್ಯಾಹ್ನ ಕೂರಿಸಿ ಹತ್ತು ಪದ ನೆನಪಿಡಿ ಎಂದರೆ ಐದೂ ಬಾರದು. ಅದು ಮುಪ್ಪಲ್ಲ, ನಿದ್ದೆ. ಹಾಗಾಗಿ ಒಳ್ಳೆಯ ಅಧ್ಯಯನ ಈ ದಿನದಿನದ ಏರಿಳಿತವನ್ನೂ ಮೊದಲು ತಿಳಿದುಕೊಳ್ಳುತ್ತದೆ. ಆಮೇಲೆ ಮಾತ್ರ ಇಳಿತ ಎಂದು ಬರೆಯುತ್ತದೆ.

ಹಾಗಾದರೆ ಇಂಥ ಅಧ್ಯಯನ ಎಲ್ಲ ತಾಲ್ಲೂಕಿನಲ್ಲೂ ಯಾಕಿಲ್ಲ? ಕಷ್ಟವಿದೆ. ಮೊದಲ ಸುತ್ತಿಗೆ ಬಂದವರೆಲ್ಲ ಎರಡನೆಯದಕ್ಕೆ ಬರುವುದಿಲ್ಲ. "ಹೋದ್ ಸಲ ರಕ್ತ ತಗಂಡ್ರಲ್ಲ, ಇನ್ಯಾಕೆ?" ಎನ್ನುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ರಕ್ತ ತೆಗೆದುಕೊಂಡವರು ಅದರ ಫಲಿತಾಂಶ ಹೇಳಿ, ಬಿಪಿ ಇದ್ದರೆ ಮಾತ್ರೆಯ ದಾರಿ ತೋರಿಸದೆ ಹೋದರೆ ಮತ್ತೆ ಬಾಗಿಲು ತೆಗೆಯುವುದು ಯಾಕೆ? ಇನ್ನೂ ದೊಡ್ಡ ತೊಡಕೆಂದರೆ, ಬಾರದೆ ಉಳಿಯುವವರು ಹೆಚ್ಚಾಗಿ ಕಾಯಿಲೆ ಬಿದ್ದವರು. ಅಥವಾ ಬೆಂಗಳೂರಿನ ಮಗನ ಮನೆಗೆ ಹೋದವರು. ಅಥವಾ ತೀರಿಹೋದವರು. ಗಟ್ಟಿಗರು ಮಾತ್ರ ಉಳಿದಾಗ ಊರೇ ಗಟ್ಟಿಯಾಗಿರುವಂತೆ ಲೆಕ್ಕ ತೋರಿಸುತ್ತದೆ. ಇದನ್ನು ಸರಿಪಡಿಸಲು ಗಣಿತದ ದಾರಿಗಳಿವೆ. ಆದರೆ ಹಟ್ಟಿಯವರೆಗೆ ನಡೆದು ಹೋಗಿ ಹುಡುಕುವ ಕೆಲಸಗಾರರಿಗೆ ಗಣಿತ ಬದಲಿ ಆಗದು.

ದುಡ್ಡಿನ ಮಾತೂ ಇದೆ. ಅನುದಾನ ಬರುವುದು ಮೂರು ವರ್ಷಕ್ಕೆ, ಐದು ವರ್ಷಕ್ಕೆ. ಮುಪ್ಪು ಬರುವುದು ಮೂವತ್ತು ವರ್ಷಕ್ಕೆ. ವರದಿ ಬೇಗ ಬೇಕು ಎನ್ನುವವರಿಗೆ ಈ ವಿದ್ಯೆ ಒಗ್ಗುವುದಿಲ್ಲ. ಶುರುಮಾಡಿದವರು ನಿವೃತ್ತರಾದ ಮೇಲೆ ಫಲ ಬರುತ್ತದೆ. ರಿಜಿಸ್ಟರನ್ನು ಮುಂದಿನವರ ಕೈಗೆ ಕೊಟ್ಟು ಹೋಗುವವರೇ ಇದಕ್ಕೆ ಬೇಕು.

ಕೊನೆಗೆ ಒಂದು ಲೆಕ್ಕ. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಶುರುವಾದ ಅಧ್ಯಯನದ ಮಕ್ಕಳು ಈಗ ಮೂವತ್ತರ ಹತ್ತಿರ ಬರುತ್ತಿದ್ದಾರೆ. ಅವರ ತಾಯಿಯ ಸಕ್ಕರೆ, ಅವರ ಹುಟ್ಟಿನ ತೂಕ, ಐದನೇ ವರ್ಷದ, ಒಂಬತ್ತನೇ ವರ್ಷದ, ಹದಿಮೂರನೇ ವರ್ಷದ ಅಳತೆ, ಎಲ್ಲ ಬರೆದಿಟ್ಟಿದೆ. ಶ್ರೀನಿವಾಸಪುರದವರು ಜನರನ್ನು ಸೇರಿಸಿಕೊಳ್ಳುವ ವಯಸ್ಸು ನಲವತ್ತೈದು. ಮೈಸೂರಿನ ಈ ಮಕ್ಕಳು ಆ ವಯಸ್ಸಿಗೆ ಬರುವುದು 2042–43ರ ಹೊತ್ತಿಗೆ. ಅವರಲ್ಲಿ ಯಾರ ನೆನಪು ಯಾವಾಗ ಸಡಿಲವಾಯಿತು ಎಂದು ಬರೆಯುವ ಸಂಶೋಧಕರು ಬಹುಶಃ ಈಗ ಮದ್ದೂರು, ಮಳವಳ್ಳಿಯ ಯಾವುದೋ ಶಾಲೆಯಲ್ಲಿ ಏಳನೇ ಕ್ಲಾಸಿನಲ್ಲಿದ್ದಾರೆ.